ನಾದವನ್ನೇ ಪೂಜೆಯಾಗಿಸಿಕೊಂಡ ಮಲ್ಲಿಕಾರ್ಜುನ ಮನಸೂರ



ಕಳೆದ ಶ್ರಾವಣ ಮಾಸದಲ್ಲಿ ಹೊಸಪೇಟೆ, ಕಂಪ್ಲಿ, ಸಂಡೂರು ಭಾಗದ ಹಳ್ಳಿಗಳಲ್ಲಿ ಒಂದೇ ಸಮನೆ ಪುರಾಣ ಪ್ರವಚನ ನಡೆಸಿದ್ದರಿಂದ ನಮ್ಮ ಗಂಟಲು ಪೂರ್ತಿಯಾಗಿ ಕಟ್ಟಿಹೋಯಿತು. ವೈದ್ಯರು ಬಂದು ನೋಡಿ ಹದಿನೈದು ದಿನ ಒಂದು ಮಾತನ್ನೂ ಆಡಕೂಡದೆಂದು ಹೇಳಿಹೋದರು. ನಲವತ್ತು ವರ್ಷ ಊರೂರು ತಿರುಗಿ ಭಕ್ತರಿಗೆ ಕೇಳಿರಿ, ಕೇಳಿರಿ ಎಂದು ಹೇಳುತ್ತ ಬಂದ ನಾವು, ನಾವೇ ಕುಳಿತು ಕೇಳಬೇಕಾದ ಪ್ರಸಂಗ ಅಂದು ಒದಗಿತು. ಕಂಪ್ಲಿಯ ಭಕ್ತರೊಬ್ಬರ ಮೊಮ್ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಊರಿಗೆ ಬಂದವನು ದರ್ಶನಕ್ಕೆಂದು ಮಠಕ್ಕೆ ಬಂದಾಗ, ಅಂಗೈಯಗಲದ ಮೊಬೈಲಿನಲ್ಲಿ ನೂರಾರು ಹಾಡುಗಳನ್ನು ತುಂಬಿಕೊಟ್ಟು, ಅದನ್ನು ಹೇಗೆ ಒತ್ತಬೇಕು, ಹೇಗೆ ನಿಲ್ಲಿಸಬೇಕು ಎಂದು ನಮ್ಮ ಮರಿಗೆ ತೋರಿಸಿಹೋದ. ಹೀಗಾಗಿ ಆ ಹದಿನೈದು ದಿನ ತ್ರಿಕಾಲ ಪೂಜೆಯ ಹೊರತಾಗಿ ಉಳಿದ ವೇಳೆಯೆಲ್ಲ ನಮಗೆ ನಾದಶ್ರವಣದಲ್ಲಿಯೇ ಕಳೆಯಿತು.

ಏನೇನು ಕೇಳಿದೆವು ಎಂಬುದನ್ನು ಹೇಳಿಬಿಡುತ್ತೇವೆ. ಮೊದಲು ಗದುಗಿನ ಪುಟ್ಟರಾಜ ಗವಾಯಿಗಳವರ ಹಾಡಿಕೆ. ಅವರದು ನಮ್ಮ ಭಾಗದ ಪ್ರತಿ ಹಳ್ಳಿಯ ಕಿವಿಗೂ ಪರಿಚಿತವಾದ ದನಿ. ಆಮೇಲೆ ಸಿದ್ಧರಾಮ ಜಂಬಲದಿನ್ನಿಯವರು. ರಾಯಚೂರು ಸೀಮೆಯ ಆ ಕಂಠದಲ್ಲಿ ವಚನವೆಂದರೆ ಬಿಸಿಲಿಗೆ ಕಾದ ಹೊಲದ ಮೇಲೆ ಮಳೆ ಬಿದ್ದಂತೆ. ಬಸವರಾಜ ರಾಜಗುರುಗಳ ನಾಟ್ಯಗೀತೆಗಳನ್ನೂ ಕೇಳಿದೆವು. ಗಂಗೂಬಾಯಿ ಹಾನಗಲ್ಲರ ಗಂಭೀರ ಸ್ವರವನ್ನು ಕೇಳಿ ಒಂದು ರಾತ್ರಿ ಬಹಳ ಹೊತ್ತು ಎಚ್ಚರವಾಗಿದ್ದೆವು. ಆದರೆ ಐದನೆಯ ದಿನ ಮಲ್ಲಿಕಾರ್ಜುನ ಮನಸೂರರ ಹಾಡಿಕೆ ಬಂತು ನೋಡಿರಿ, ಮುಂದಿನ ಹತ್ತು ದಿನವೂ ಅಲ್ಲಿಂದ ಕದಲಲಾಗಲಿಲ್ಲ. ಆದ್ದರಿಂದ ಈ ವಾರ ಅವರ ಚರಿತ್ರೆಯನ್ನೇ ತಮ್ಮ ಮುಂದೆ ಇಡಬೇಕೆಂದು ಮನಸ್ಸಾಯಿತು. ಇದಕ್ಕೆ ನಮ್ಮದೊಂದು ಹಳೆಯ ತಪ್ಪೂ ಕಾರಣವಾಗಿದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳುವುದು ಒಳ್ಳೆಯದು.

ನಮ್ಮ ಲಿಂಗೈಕ್ಯ ಹಿರಿಯ ಗುರುಗಳಿಗೆ ಸಂಗೀತದಲ್ಲಿ ಬಹಳ ಅಭಿರುಚಿ ಇತ್ತು. ಮಠದಲ್ಲಿ ಕೀಲಿ ಕೊಟ್ಟು ನಡೆಸುವ, ಹಿತ್ತಾಳೆಯ ತುತ್ತೂರಿಯ ಒಂದು ಗ್ರಾಮಾಫೋನು ಇತ್ತು. ಅದರ ಜೊತೆಗೆ ಒಂದು ಟ್ರಂಕಿನ ತುಂಬ ನಾಯಿ ಗುರುತಿನ ರಿಕಾರ್ಡುಗಳು. ಹಿರಿಯರು ಅಮಾವಾಸ್ಯೆಯ ರಾತ್ರಿ ಜಂಗಮ ದಾಸೋಹವಾದ ಮೇಲೆ ಅಂಗಳದಲ್ಲಿ ಕಂಬಳಿ ಹಾಸಿಸಿ, ಊರಿನವರನ್ನೆಲ್ಲ ಕೂಡಿಸಿ, ಅವನ್ನು ಹಚ್ಚಿಸುತ್ತಿದ್ದರಂತೆ. ಅವರು ಬಯಲಾದ ಮೇಲೆ ನಮಗೆ ಪಟ್ಟಾಧಿಕಾರವಾಯಿತು. ಆಗ ನಮ್ಮದು ಇನ್ನೂ ಎಳೆಯ ವಯಸ್ಸು. ಸಂಸ್ಕೃತ, ಸಿದ್ಧಾಂತ ಶಿಖಾಮಣಿ, ತರ್ಕ ಎಂಬ ಇವೇ ವಿದ್ಯೆಗಳು, ಉಳಿದುದೆಲ್ಲ ಮನೋರಂಜನೆ ಎಂಬ ಅಹಂಕಾರ ನಮ್ಮಲ್ಲಿತ್ತು. ಮೂರನೆಯ ವರ್ಷ ಮಠದ ಅಟ್ಟವನ್ನು ಸ್ವಚ್ಛ ಮಾಡಿಸುವಾಗ ಆ ಟ್ರಂಕನ್ನೂ ಫೋನನ್ನೂ ಗುಜರಿಯವನಿಗೆ ಕೊಡಿಸಿಬಿಟ್ಟೆವು. ರಿಕಾರ್ಡುಗಳಿಗೆ ಬೆಲೆಯೇ ಇಲ್ಲ, ಟ್ರಂಕಿನ ತಗಡಿಗೆ ಮಾತ್ರ ಹಣ ಎಂದು ಅವನು ಹೇಳಿದ. ನಾವು ಒಪ್ಪಿದೆವು. ಹಿರಿಯ ಗುರುಗಳ ಸೇವೆಯಲ್ಲಿ ಬಾಳು ಸವೆಸಿದ ಮುದುಕರೊಬ್ಬರು ಮಠದಲ್ಲಿದ್ದರು. ಅವರು ಏನೂ ಅನ್ನಲಿಲ್ಲ. ಆ ದಿನ ಪ್ರಸಾದಕ್ಕೆ ಮಾತ್ರ ಬರಲಿಲ್ಲ.

ಆ ಟ್ರಂಕಿನಲ್ಲಿ ಮನಸೂರರ ರಿಕಾರ್ಡುಗಳೂ ಇದ್ದವೆಂಬುದು ಈಗ ಈ ಮೊಬೈಲಿನಲ್ಲಿ ಅವರ ಎಳೆಯ ವಯಸ್ಸಿನ ದನಿಯನ್ನು ಕೇಳಿದಾಗ ನಮಗೆ ನೆನಪಾಯಿತು. ಬಾಲ್ಯದಲ್ಲಿ ಮರಿಯಾಗಿ ಮಠ ಸೇರಿದ ಹೊಸತರಲ್ಲಿ ಅದೇ ಹಾಡನ್ನು ಅದೇ ಅಂಗಳದಲ್ಲಿ, ಕಂಬಳಿಯ ಮೇಲೆ ನಿದ್ದೆಗಣ್ಣಿನಲ್ಲಿ ಕೇಳಿದ್ದೆವು.

ಇನ್ನು ಚರಿತ್ರೆಗೆ ಬರೋಣ. ಧಾರವಾಡದ ಹತ್ತಿರ ಮನಸೂರ ಎಂಬುದು ಒಂದು ಒಕ್ಕಲುತನದ ಹಳ್ಳಿ. ಅಲ್ಲಿ ಗೌಡಿಕೆಯ ಮನೆತನದ ಭೀಮರಾಯಪ್ಪನವರು, ನೀಲಮ್ಮನವರು ಎಂಬ ದಂಪತಿಗಳ ಮಗನಾಗಿ 1910ನೆಯ ಇಸವಿ ಡಿಸೆಂಬರ್ 31ರಂದು ಮಲ್ಲಿಕಾರ್ಜುನರು ಜನಿಸಿದರು. ಪಂಚಾಂಗ ತೆಗೆದು ನೋಡಿದರೆ ಅಂದು ಎಳ್ಳಮಾವಾಸ್ಯೆ. ಒಕ್ಕಲಿಗರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಭೂತಾಯಿಗೆ ಉಣಬಡಿಸುವ ದಿನ. ತಂದೆಯವರಿಗೆ ಹಾಡು, ನಾಟಕಗಳ ಮೇಲೆ ಪ್ರೀತಿ. ಅಣ್ಣ ಬಸವರಾಜರಂತೂ ಮುಂದೆ ಸ್ವಂತ ನಾಟಕ ಮಂಡಳಿಯನ್ನೇ ಕಟ್ಟಿದವರು. ಹುಡುಗನ ಕಂಠ ಚೆನ್ನಾಗಿದೆಯೆಂದು ಕಂಡು, ಇನ್ನೂ ಒಂಬತ್ತು ಹತ್ತರ ವಯಸ್ಸಿನಲ್ಲೇ ವಾಮನರಾವ ಮಾಸ್ತರರ ನಾಟಕ ಕಂಪನಿಗೆ ಸೇರಿಸಿದರು. ಬಾಲಪಾತ್ರಗಳಲ್ಲಿ ಆತನ ಹಾಡು ಕೇಳಲು ಜನ ಮುಗಿಬೀಳುತ್ತಿದ್ದರು. ಶಾಲೆಯ ಓದು ಅಷ್ಟಕ್ಕೇ ನಿಂತಿತು.

ಕಂಪನಿಯ ಆ ದಿನಗಳನ್ನು ಇಂದಿನವರು ಹಗುರವಾಗಿ ತಿಳಿಯಬಾರದು. ರಾತ್ರಿಯೆಲ್ಲ ಆಟ, ಹಗಲು ತಾಲೀಮು, ಧ್ವನಿವರ್ಧಕವಿಲ್ಲದೆ ಸಾವಿರ ಜನರ ಕೊನೆಯ ಸಾಲಿಗೂ ಮುಟ್ಟುವಂತೆ ಹಾಡುವುದು. ನಮ್ಮ ಬಳ್ಳಾರಿ ಸೀಮೆಯೂ ರಂಗಭೂಮಿಗೆ ಹೆಸರಾದದ್ದೇ. ಬಳ್ಳಾರಿ ರಾಘವರ ಹೆಸರನ್ನು ಕೇಳದ ಹಿರಿಯರು ಇಲ್ಲಿ ಯಾರಿದ್ದಾರೆ? ಕಂಠದ ಕಸುವು ಬೆಳೆಯುವುದು ಅಂಥಲ್ಲಿ. ಮಲ್ಲಿಕಾರ್ಜುನರಿಗೆ ಮೊದಲ ಸ್ವರಪಾಠವಾದದ್ದು ಅಪ್ಪಯ್ಯ ಸ್ವಾಮಿಗಳಿಂದ. ಅವರು ಕರ್ನಾಟಕ ಪದ್ಧತಿಯ ವಿದ್ವಾಂಸರು, ಪಿಟೀಲು ನುಡಿಸುವವರು. ಮುಂದೆ ಹಿಂದುಸ್ತಾನಿಯಲ್ಲಿ ಶಿಖರವನ್ನೇರಿದವರ ಬುನಾದಿಯ ಕಲ್ಲು ಕರ್ನಾಟಕ ಸಂಗೀತದ್ದು ಎಂಬುದು ನಮ್ಮ ಹಂಪಿಯ ಸೀಮೆಯವರಿಗೆ ಸಂತೋಷದ ಸಂಗತಿ. ಏಕೆಂದರೆ ಈ ಎರಡೂ ಪದ್ಧತಿಗಳು ಬೇರೆಬೇರೆಯಾಗಿ ತಿಳಿಯಲ್ಪಡುವುದಕ್ಕೆ ಮೊದಲು, ಸಂಗೀತಶಾಸ್ತ್ರದ ದೊಡ್ಡ ಚರ್ಚೆ ನಡೆದದ್ದು ಇದೇ ತುಂಗಭದ್ರೆಯ ದಂಡೆಯಲ್ಲಿ. ಹದಿನೈದನೆಯ ಶತಮಾನದಲ್ಲಿ ಕಲ್ಲಿನಾಥನು ಶಾರ್ಙ್ಗದೇವನ ಸಂಗೀತರತ್ನಾಕರಕ್ಕೆ ವ್ಯಾಖ್ಯಾನ ಬರೆದದ್ದು ವಿಜಯನಗರದಲ್ಲಿ. ರಾಮಾಮಾತ್ಯನು ಅಳಿಯ ರಾಮರಾಯನ ಆಶ್ರಯದಲ್ಲಿ ಸ್ವರಮೇಳಕಲಾನಿಧಿಯನ್ನು ಮುಗಿಸಿದ್ದು 1550ರಲ್ಲಿ. ಹಂಪಿಗೆ ಹೋದವರು ವಿಠ್ಠಲ ದೇವಾಲಯದ ಕಂಬಗಳನ್ನು ಬಡಿದು ನಾದ ಕೇಳಬೇಕೆಂದು ಹಟ ಹಿಡಿಯುತ್ತಾರೆಯೇ ಹೊರತು ಈ ಇಬ್ಬರು ಶಾಸ್ತ್ರಕಾರರ ಹೆಸರನ್ನು ಕೇಳುವುದಿಲ್ಲ. ಇರಲಿ.

ನಾಟಕದ ಒಂದು ಪ್ರಯೋಗದಲ್ಲಿ ಹುಡುಗನ ಹಾಡನ್ನು ಕೇಳಿ ಮೆಚ್ಚಿದವರು ಮಿರಜದ ನೀಲಕಂಠಬುವಾ ಆಲೂರಮಠ ಅವರು. ಇವರು ಜಂಗಮರು. ಗ್ವಾಲ್ಹೇರ ಘರಾಣೆಯ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಕಂಪನಿಯಿಂದ ಬಿಡಿಸಿ ಹುಡುಗನನ್ನು ತಮ್ಮ ಬಳಿ ಇರಿಸಿಕೊಂಡು ಸುಮಾರು ಆರು ವರ್ಷ ಪಾಠ ಹೇಳಿದರು. ನಮ್ಮ ಸಮಾಜದಲ್ಲಿ ಹಾಡುವುದು ಹೊಟ್ಟೆಪಾಡಿನವರ ಕೆಲಸ, ಮಠಮಾನ್ಯಗಳಿಗೆ ಅದರ ಗೊಡವೆ ಬೇಡ ಎಂದು ತಿಳಿದವರು ಈಗಲೂ ಇದ್ದಾರೆ. ಅಂಥವರು ಆ ಕಾಲವನ್ನು ಸ್ವಲ್ಪ ನೋಡಬೇಕು. 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ಹಾನಗಲ್ಲ ಕುಮಾರ ಶಿವಯೋಗಿಗಳು, ಕಾಡಶೆಟ್ಟಿಹಳ್ಳಿಯ ಕಣ್ಣಿಲ್ಲದ ಹುಡುಗ ಗದಿಗೆಯ್ಯನನ್ನು ಎತ್ತಿಕೊಂಡು ಬಂದು ಎರಡೂ ಪದ್ಧತಿಗಳ ಸಂಗೀತ ಕಲಿಸಿ ಪಂಚಾಕ್ಷರ ಗವಾಯಿಗಳನ್ನಾಗಿ ಮಾಡಿದರು. ಗವಾಯಿಗಳು ಅಂಧರನ್ನೂ ಅನಾಥರನ್ನೂ ಕಟ್ಟಿಕೊಂಡು ಊರೂರು ಸಂಚರಿಸಿ, ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿ 1944ರಲ್ಲಿ ಲಿಂಗೈಕ್ಯರಾದರು. ಇತ್ತ ಮಿರಜದಲ್ಲಿ ಜಂಗಮರೊಬ್ಬರು ಗೌಡರ ಮಗನಿಗೆ ಖ್ಯಾಲ ಕಲಿಸುತ್ತಿದ್ದರು. ಉತ್ತರದ ಈ ವಿದ್ಯೆ ಕನ್ನಡ ನಾಡಿನಲ್ಲಿ ಬೇರು ಬಿಟ್ಟದ್ದು ಅರಮನೆಗಳಿಂದ ಎಷ್ಟೋ, ಮಠಗಳ ಅಂಗಳದಿಂದಲೂ ಅಷ್ಟೇ.

ಮಲ್ಲಿಕಾರ್ಜುನರಿಗೆ ಇಪ್ಪತ್ತೆರಡು ಇಪ್ಪತ್ತಮೂರು ವರ್ಷವಾಗುವ ಹೊತ್ತಿಗೆ ಎಚ್.ಎಂ.ವಿ. ಕಂಪನಿಯವರು ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಗೌಡ ಮಲ್ಹಾರ, ಅಡಾಣಾ ರಾಗಗಳ ಆ ರಿಕಾರ್ಡು ಬಹಳ ಹೆಸರು ಮಾಡಿತು. ಇಲ್ಲಿ ಸ್ವಲ್ಪ ನಿಂತು ಆ ರಿಕಾರ್ಡುಗಳ ವಿಷಯ ಹೇಳಬೇಕು. ಅವು ಅರಗಿನಿಂದ ಮಾಡಿದವು. ಕೈಜಾರಿ ಬಿದ್ದರೆ ಹಪ್ಪಳದಂತೆ ಚೂರಾಗುತ್ತಿದ್ದವು. ನಿಮಿಷಕ್ಕೆ 78 ಸುತ್ತು ತಿರುಗುವ ಅವುಗಳ ಒಂದು ಮಗ್ಗುಲಿಗೆ ಹೆಚ್ಚೆಂದರೆ ಮೂರು, ಮೂರೂವರೆ ನಿಮಿಷದ ಹಾಡು. ಗಂಟೆಗಟ್ಟಲೆ ವಿಸ್ತಾರ ಮಾಡುವ ರಾಗವನ್ನು ಮೂರು ನಿಮಿಷದಲ್ಲಿ ಹಾಡಿ ಮುಗಿಸಬೇಕು! ಕಾಲು ಅಳತೆಯ ಕಲ್ಲಿನಲ್ಲಿ ಪೂರ್ತಿ ನಂದಿಯನ್ನು ಕಡೆಯುವ ಶಿಲ್ಪಿಯ ಕೆಲಸವದು. ಮೊದಲ ಸ್ವರದಲ್ಲಿಯೇ ರಾಗದ ಮುಖ ಕಾಣಬೇಕು, ಬಂದಿಶ್ ಬರಬೇಕು, ತಾನುಗಳು ಬರಬೇಕು, ಸೂಜಿ ನಡುವಿನ ಕಾಗದದ ಬಳಿ ಮುಟ್ಟುವುದರೊಳಗೆ ಮುಕ್ತಾಯವಾಗಬೇಕು. ಒಂದು ಅಪಸ್ವರ ಬಂದರೆ ಅಳಿಸಿ ತಿದ್ದುವ ಉಪಾಯ ಅಂದು ಇರಲಿಲ್ಲ. ಪೂರ್ತಿಯಾಗಿ ಮತ್ತೆ ಹಾಡಬೇಕಿತ್ತು. ಗೌಡ ಮಲ್ಹಾರವು ಮಳೆಗಾಲದ ರಾಗ. ತುಂಗಭದ್ರೆಗೆ ನೀರು ಬಿಟ್ಟು, ಕಂಪ್ಲಿಯ ಸೇತುವೆಯ ಮೇಲೆ ಹೊಳೆ ಹರಿಯುತ್ತಿದೆ ಎಂಬ ಸುದ್ದಿ ಬಂದ ದಿನವೇ ನಾವು ಅದನ್ನು ಕೇಳಿದೆವು. ಮೂರು ನಿಮಿಷದ ಆ ಹಾಡಿನಲ್ಲಿ ಒಂದೇ ಒಂದು ಕ್ಷಣವೂ ವ್ಯರ್ಥವಾದದ್ದಿಲ್ಲ. ಒಂದೂವರೆ ಗಂಟೆ ಪ್ರವಚನ ಮಾಡಿ ಅರ್ಧ ಗಂಟೆಯ ಸತ್ವವನ್ನೂ ಕೊಡಲಾಗದ ನಮ್ಮಂಥವರು ಅದನ್ನು ಕೇಳಿ ಕಲಿಯುವುದು ಬಹಳವಿದೆ.

ಇಷ್ಟಾಗುವಾಗ ಯಾವ ಗಾಯಕನಾದರೂ ತನ್ನ ವಿದ್ಯೆ ಮುಗಿಯಿತೆಂದು ತಿಳಿಯುತ್ತಿದ್ದ. ರಿಕಾರ್ಡು ಬಂದಿದೆ, ಹೆಸರಿದೆ, ಕಂಪನಿಯ ಕೆಲಸವಿದೆ. ಮಲ್ಲಿಕಾರ್ಜುನರ ದೊಡ್ಡತನ ತೋರುವುದೇ ಇಲ್ಲಿ. ಮುಂಬಯಿಯಲ್ಲಿ ಅವರ ಕಿವಿಗೆ ಜಯಪುರ ಅತ್ರೌಲಿ ಘರಾಣೆಯ ಗಾಯನ ಬಿತ್ತು. ಕೊಲ್ಹಾಪುರದ ಆಸ್ಥಾನದಲ್ಲಿದ್ದ ಉಸ್ತಾದ ಅಲ್ಲಾದಿಯಾ ಖಾನರು ರೂಪಿಸಿದ ಗಾಯನ ಪದ್ಧತಿಯದು. ತಾವು ಅದುವರೆಗೆ ಕಲಿತದ್ದು ಇದರ ಮುಂದೆ ಸಾಲದೆಂದು ಅವರಿಗೆ ತೋರಿತು. ಅಲ್ಲಾದಿಯಾ ಖಾನರ ಮಗ ಮಂಜೀ ಖಾನರ ಮುಂದೆ 1935ರ ಸುಮಾರಿಗೆ ಮತ್ತೆ ಷಡ್ಜ ಹಿಡಿದು ಕುಳಿತರು. ಇಪ್ಪತ್ತೈದರ ಹರೆಯದ, ರಿಕಾರ್ಡು ಕೊಟ್ಟ ಗವಾಯಿ ಮತ್ತೆ ವಿದ್ಯಾರ್ಥಿಯಾದ! ವೀರಶೈವ ಗೌಡರ ಮಗ, ಗುರು ಮುಸಲ್ಮಾನ ಉಸ್ತಾದ. ಆ ಗುರುವೂ ಭೇದವೆಣಿಸಲಿಲ್ಲ, ಈ ಶಿಷ್ಯನೂ ಎಣಿಸಲಿಲ್ಲ. ಕೊರಳಲ್ಲಿ ಇಷ್ಟಲಿಂಗ, ಕಂಠದಲ್ಲಿ ಉಸ್ತಾದರ ವಿದ್ಯೆ. ಎರಡಕ್ಕೂ ಅವರು ಕಡೆಯವರೆಗೆ ನಿಷ್ಠರಾಗಿದ್ದರು.

ಆದರೆ ಭಾಗ್ಯ ಬಹಳ ದಿನ ನಿಲ್ಲಲಿಲ್ಲ. ಎರಡು ವರ್ಷ ತುಂಬುವುದರೊಳಗೆ, 1937ರಲ್ಲಿ ಮಂಜೀ ಖಾನರು ತೀರಿಕೊಂಡರು. ಅರ್ಧ ಕಟ್ಟಿದ ಮನೆಯ ಬಡಿಗ ಹೋದಂತಾಯಿತು. ಅನಂತರ ಮಂಜೀ ಖಾನರ ತಮ್ಮ ಭೂರ್ಜಿ ಖಾನರು ಶಿಷ್ಯನ ಕೈ ಹಿಡಿದರು. ಆ ಪಾಠ ಬಹಳ ವರ್ಷ ನಡೆಯಿತು. ಘರಾಣೆಯ ಅಪರೂಪದ ರಾಗಗಳೆಲ್ಲ ಮಲ್ಲಿಕಾರ್ಜುನರಿಗೆ ದೊರೆತದ್ದು ಇವರಿಂದ. ಭೂರ್ಜಿ ಖಾನರು 1950ರಲ್ಲಿ ತೀರಿಕೊಳ್ಳುವಾಗ ಮಲ್ಲಿಕಾರ್ಜುನರಿಗೆ ನಲವತ್ತರ ಹತ್ತಿರ. ಅಂದರೆ ಒಂಬತ್ತನೆಯ ವಯಸ್ಸಿನಿಂದ ಹಿಡಿದು ಸುಮಾರು ಮೂವತ್ತು ವರ್ಷ ಅವರು ಯಾರದಾದರೂ ಪಾದದ ಬಳಿ ಇದ್ದರು. ಅಪ್ಪಯ್ಯ ಸ್ವಾಮಿಗಳು, ನೀಲಕಂಠಬುವಾ, ಮಂಜೀ ಖಾನ, ಭೂರ್ಜಿ ಖಾನ ಎಂಬ ನಾಲ್ವರು ಗುರುಗಳು. ನಾಲ್ವರನ್ನೂ ಸಮಾನ ಭಕ್ತಿಯಿಂದ ನೆನೆದರು.

ಜಯಪುರ ಗಾಯನವೆಂದರೆ ಏನು ವಿಶೇಷವೆಂದು ನಮ್ಮ ಹಿರಿಯರು ಕೇಳಬಹುದು. ಶಾಸ್ತ್ರದ ಮಾತು ಬಿಟ್ಟು ಕಂಡ ಹೋಲಿಕೆಯಿಂದ ಹೇಳುತ್ತೇವೆ. ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ಹಾಕುವ ಅಂಬಿಗನನ್ನು ನೋಡಿದ್ದೀರಿ. ಸೆಳವಿನಲ್ಲಿ ಹರಿಗೋಲು ಗರಗರ ತಿರುಗುತ್ತದೆ, ಕೂತವರ ಎದೆ ನಡುಗುತ್ತದೆ. ಇನ್ನೇನು ಬಂಡೆಗೆ ಬಡಿಯಿತು ಎನ್ನುವಷ್ಟರಲ್ಲಿ ಅಂಬಿಗನು ಹುಟ್ಟನ್ನು ಒಮ್ಮೆ ತಿರುವಿ, ತಾನು ಮೊದಲೇ ಗುರುತು ಹಿಡಿದ ಮೆಟ್ಟಿಲಿಗೇ ತಂದು ನಿಲ್ಲಿಸುತ್ತಾನೆ. ಮನಸೂರರ ತಾನು ಹಾಗೆ. ತೀನತಾಳದ ಹದಿನಾರು ಮಾತ್ರೆಗಳ ಆವರ್ತನದಲ್ಲಿ ಸ್ವರಗಳು ಸುತ್ತಿ ಸುಳಿದು, ಎಲ್ಲಿಯೂ ಉಸಿರು ಕಡಿಯದಂತೆ ಹರಿದು, ಸಮದ ಮೇಲೆ ಅಂದರೆ ಮೊದಲ ಮಾತ್ರೆಯ ಮೇಲೆ ಅಂಗುಲ ತಪ್ಪದೆ ಬಂದು ಇಳಿಯುತ್ತವೆ. ಇನ್ನು ಈ ಘರಾಣೆಗೆ ಜೋಡುರಾಗಗಳೆಂದರೆ ಪ್ರಾಣ. ಬಸಂತಿ ಕೇದಾರದಲ್ಲಿ ಬಸಂತ ಮತ್ತು ಕೇದಾರ, ಭೈರವ ಬಹಾರದಲ್ಲಿ ಭೈರವ ಮತ್ತು ಬಹಾರ. ಎರಡು ಎತ್ತುಗಳಿಗೆ ಒಂದೇ ನೊಗ ಹೂಡಿದಂತೆ. ಎರಡರ ನಡಿಗೆಯೂ ಬೇರೆ, ಆದರೆ ಸಾಲು ಡೊಂಕಾಗಬಾರದು. ಮಾಲಕಂಸದಲ್ಲಿ ಐದೇ ಸ್ವರ. ನಮ್ಮ ದಕ್ಷಿಣದವರು ಅದನ್ನೇ ಹಿಂದೋಳವೆನ್ನುತ್ತಾರೆ. ಅದಕ್ಕೆ ಏಳು ಸ್ವರಗಳನ್ನೂ ತುಂಬಿ ಹಾಡುವ ಸಂಪೂರ್ಣ ಮಾಲಕಂಸವು ಇವರಲ್ಲಿದೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಸಂಗೀತವರಿಯದವರಿಗೂ ವ್ಯತ್ಯಾಸ ತಿಳಿಯುತ್ತದೆ. ನಮ್ಮ ಮರಿಗೆ ತಿಳಿಯಿತು. ನಮಗೆ ಮಾತ್ರ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಬೆಳಗಿನ ಪೂಜೆಯಾದ ಮೇಲೆ ಕೇಳಿದ ಶಿವಮತ ಭೈರವ. ಹೆಸರಿನ ಮೋಹವೂ ಸ್ವಲ್ಪ ಇರಬಹುದು.

ಇಷ್ಟು ವಿದ್ಯೆಯಿದ್ದರೂ ದೇಶದ ಮನ್ನಣೆ ಬೇಗನೆ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಧಾರವಾಡದ ಮನೆಯಲ್ಲಿ ಏಳು ಹೆಣ್ಣುಮಕ್ಕಳು, ಒಬ್ಬ ಮಗ. ದೊಡ್ಡ ಸಂಸಾರ. ಹಾಡು ಬಿಟ್ಟರೆ ಬೇರೆ ಗಳಿಕೆಯಿಲ್ಲ. ಕಂಪನಿಯ ಸಂಗೀತ ನಿರ್ದೇಶನ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರಿಕೆ, ಅಲ್ಲೊಂದು ಇಲ್ಲೊಂದು ಕಚೇರಿ. ಹಿಂದುಸ್ತಾನದ ದೊಡ್ಡ ದೊಡ್ಡ ಸಮ್ಮೇಳನಗಳು ಅವರನ್ನು ಮುಂಚೂಣಿಯಲ್ಲಿ ಕಾಣತೊಡಗಿದ್ದು ಐವತ್ತು ದಾಟಿದ ಮೇಲೆ. ಆ ಮಧ್ಯದ ಕಾಲದಲ್ಲಿ ಮನಸ್ಸು ಕಹಿ ಮಾಡಿಕೊಂಡು, ಜನ ಮೆಚ್ಚುವ ಲಘು ಹಾಡಿಗೆ ಇಳಿಯುವುದು ಸುಲಭವಾಗಿತ್ತು. ಅವರು ಇಳಿಯಲಿಲ್ಲ. ಯಾರೂ ಕೇಳದ ರಾಗಗಳನ್ನೇ ಮನೆಯಲ್ಲಿ ದಿನವೂ ಬೆಳಿಗ್ಗೆ ಹಾಡಿ ಹಾಡಿ ಉಳಿಸಿಕೊಂಡರು. ಪ್ರಶಸ್ತಿಗಳು ಬಂದದ್ದು ಆಮೇಲೆ. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ನಡುವೆ ಸಂಗೀತ ನಾಟಕ ಅಕಾಡೆಮಿಯ ಗೌರವ, ಮಧ್ಯಪ್ರದೇಶದ ಕಾಳಿದಾಸ ಸಮ್ಮಾನ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶಾಲೆ ಬಿಟ್ಟ ಹುಡುಗನೇ ಪ್ರಾಧ್ಯಾಪಕನಾಗಿ ಕುಳಿತ. ತಮ್ಮ ಬಾಳಿನ ಕಥೆಯನ್ನು ನನ್ನ ರಸಯಾತ್ರೆ ಎಂಬ ಹೆಸರಿನಲ್ಲಿ ಅವರೇ ಬರೆದಿದ್ದಾರೆ. ಓದು ಬಲ್ಲವರು ಗ್ರಂಥಾಲಯದಲ್ಲಿ ಹುಡುಕಿ ಓದಬೇಕು.

ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳವರೆಂದರೆ ಅವರಿಗೆ ದೈವ. ಮನೆಗೂ ಆ ಗುರುವಿನ ಹೆಸರನ್ನೇ ಇಟ್ಟರು. ವಚನಗಳನ್ನು ಶಾಸ್ತ್ರೀಯ ರಾಗಗಳಲ್ಲಿ ಹಾಡುವ ಪರಿಪಾಠಕ್ಕೆ ಅವರು ಕೊಟ್ಟ ಘನತೆ ಬೇರೆ ಯಾರಿಗಿಂತಲೂ ಕಡಿಮೆಯದಲ್ಲ. ಅಕ್ಕಮಹಾದೇವಿಯವರ ಕನಸಿನ ವಚನವನ್ನು ಅವರು ಹಾಡಿದ್ದನ್ನು ಕೇಳಿರಿ. ನಾವು ಅದೇ ವಚನಕ್ಕೆ ಎಷ್ಟೋ ಸಲ ವ್ಯಾಖ್ಯಾನ ಮಾಡಿದ್ದೇವೆ. ಅವರು ಒಂದು ಶಬ್ದವನ್ನೂ ವಿವರಿಸುವುದಿಲ್ಲ, ಕನಸು ಕಂಡವರು ಬಂದು ಹೇಳಿದಂತೆ ಹಾಡುತ್ತಾರೆ. ಅರ್ಥ ತಾನಾಗಿ ಒಳಗೆ ಇಳಿಯುತ್ತದೆ.

ಇಲ್ಲಿ ಒಂದು ಸಿದ್ಧಾಂತದ ವಿಚಾರ. ಕಿವಿಗೆ ಸುಖವಾದದ್ದು ವಿಷಯಸುಖವಲ್ಲವೇ, ಲಿಂಗಾಂಗಿಗೆ ಅದರಲ್ಲಿ ಆಸಕ್ತಿ ಸಲ್ಲುವುದೇ ಎಂದು ಸಂಡೂರಿನ ವೃದ್ಧ ಭಕ್ತರೊಬ್ಬರು ನಮ್ಮನ್ನು ಕೇಳಿದರು. ಆಗ ಮಾತನಾಡುವಂತಿರಲಿಲ್ಲ, ಪಾಟಿಯ ಮೇಲೆ ಎರಡು ಸಾಲು ಬರೆದು ತೋರಿಸಿದೆವು. ಈಗ ಬಿಡಿಸಿ ಹೇಳುತ್ತೇವೆ. ಷಟ್‌ಸ್ಥಲ ಶಾಸ್ತ್ರದಲ್ಲಿ ಇಷ್ಟ, ಪ್ರಾಣ, ಭಾವ ಲಿಂಗಗಳು ಆರಾಗಿ, ಆರು ಕಡೆ ನೆಲೆಗೊಂಡಿವೆ. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಹೂವನ್ನು ಮೂಗಿನ ಲಿಂಗಕ್ಕೆ ಅರ್ಪಿಸುವಂತೆ, ರುಚಿಯನ್ನು ನಾಲಗೆಯ ಲಿಂಗಕ್ಕೆ ಅರ್ಪಿಸುವಂತೆ, ಶಬ್ದವನ್ನು ಕಿವಿಯಲ್ಲಿರುವ ಪ್ರಸಾದಲಿಂಗಕ್ಕೆ ಅರ್ಪಿಸಬೇಕು. ಈ ಲಿಂಗವು ಸೇರಿದ್ದು ಶರಣಸ್ಥಲಕ್ಕೆ. ಇದರ ಮುಂದಿನದು ಐಕ್ಯಸ್ಥಲ ಒಂದೇ. ಹೀಗಿರುವಾಗ ಕಿವಿಯನ್ನು ಹಗುರವೆಣಿಸುವುದು ಹೇಗೆ? ದಾಸೋಹಕ್ಕೆ ಅಕ್ಕಿಯಲ್ಲಿ ಕಲ್ಲು ಬಂದರೆ ಆರಿಸುವ ನಾವು, ಜಾತ್ರೆಯಲ್ಲಿ ಎದೆ ಒಡೆಯುವಂತೆ ಧ್ವನಿವರ್ಧಕ ಹಚ್ಚಿ ಸಿನಿಮಾ ಹಾಡು ಹಾಕಿದರೆ ಸುಮ್ಮನಿರುತ್ತೇವೆ. ಮನಸೂರರಿಗೆ ಈ ಶಾಸ್ತ್ರ ಎಷ್ಟು ಗೊತ್ತಿತ್ತೋ, ಬದುಕಿದ್ದಂತೂ ಹೀಗೆಯೇ. ಅವರ ಬೆಳಗಿನ ಲಿಂಗಪೂಜೆ, ಬೆಳಗಿನ ತಾಲೀಮು ಎರಡೂ ಒಂದೇ ಉಸಿರಿನವು.

ಹಾಗೆಂದು ಅವರನ್ನು ದೋಷವೇ ಇಲ್ಲದವರೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಬೀಡಿಯ ಚಟ ಅವರನ್ನು ಬಿಡಲಿಲ್ಲ. ಅಂಥ ಕಂಠದವರು ಅದನ್ನು ಸೇದುತ್ತಿದ್ದರೆಂದು ಕೇಳಿದಾಗ ನಮಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹುಡುಗರು ಅವರ ರಾಗವನ್ನು ಕಲಿಯಬೇಕೇ ಹೊರತು ಇದನ್ನಲ್ಲ. ಆಶ್ಚರ್ಯವೆಂದರೆ ಎಂಬತ್ತರ ಗಡಿಯಲ್ಲಿಯೂ ಆ ದನಿ ಸೋಲಲಿಲ್ಲ. ಇಪ್ಪತ್ತಮೂರರ ರಿಕಾರ್ಡನ್ನೂ, ಎಪ್ಪತ್ತು ದಾಟಿದ ಮೇಲಿನ ಹಾಡಿಕೆಯನ್ನೂ ನಾವು ಒಂದೇ ದಿನ ಕೇಳಿದೆವು. ಮೊದಲನೆಯದರಲ್ಲಿ ದನಿ ಮಿಂಚಿನಂತೆ ಹೊಳೆಯುತ್ತದೆ. ಎರಡನೆಯದರಲ್ಲಿ ಹೊಳಪು ಕಡಿಮೆಯಾಗಿ, ಅಂಚುಗಳು ಒರಟಾಗಿವೆ. ಆದರೆ ರಾಗದ ಒಳಗೆ ಹೋಗಿ ಕುಳಿತವರ ನೆಮ್ಮದಿ ಅದರಲ್ಲಿದೆ. ನಮ್ಮ ಮನಸ್ಸು ಎರಡನೆಯದರ ಕಡೆಗೇ ವಾಲಿತು. ಅರವತ್ತು ದಾಟಿದವರ ಪಕ್ಷಪಾತವೆಂದು ಬೇಕಾದರೆ ತಿಳಿಯಿರಿ. ಆ ಮುಪ್ಪಿನ ಹಾಡಿಕೆಯಲ್ಲಿ ಹಿಂದಿನಿಂದ ಕೇಳುವ ಇನ್ನೊಂದು ದನಿ ಮಗ ರಾಜಶೇಖರರದು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡು ತಂದೆಯ ವಿದ್ಯೆಯನ್ನು ಉಳಿಸಿದ ಅವರು 2022ರಲ್ಲಿ ತೀರಿಕೊಂಡರು.

ಮಲ್ಲಿಕಾರ್ಜುನರು ಧಾರವಾಡದಲ್ಲಿ ಲಿಂಗೈಕ್ಯರಾದದ್ದು 1992ರ ಸೆಪ್ಟೆಂಬರ್ 12ರಂದು. ಮರುದಿನ ಪತ್ರಿಕೆಯಲ್ಲಿ ಆ ಸುದ್ದಿ ಓದಿದಾಗ ನಮಗೆ ಏನು ಅನಿಸಿತ್ತೆಂದು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದೆವು. ಏನೂ ಅನಿಸಿರಲಿಲ್ಲ ಎಂಬುದೇ ನಿಜ. ವಿದ್ಯಾರ್ಥಿ ದೆಸೆಯಲ್ಲಿ ಧಾರವಾಡದಲ್ಲಿದ್ದಾಗ ಒಮ್ಮೆ ಅವರ ಹಾಡಿಕೆಗೆ ಹೋಗಿದ್ದೆವು. ಟೊಪ್ಪಿಗೆ ಹಾಕಿಕೊಂಡ, ಸಣ್ಣ ಮೈಕಟ್ಟಿನ ಮುದುಕರೊಬ್ಬರು ಎರಡು ತಂಬೂರಿಗಳ ನಡುವೆ ಕುಳಿತಿದ್ದರು. ಹಗಲೆಲ್ಲ ವ್ಯಾಕರಣ ಬಾಯಿಪಾಠ ಮಾಡಿ ದಣಿದಿದ್ದ ನಮಗೆ ಸ್ವಲ್ಪ ಹೊತ್ತಿಗೇ ನಿದ್ದೆ ಬಂತು. ಎಚ್ಚರವಾದಾಗ ಜನ ಏಳುತ್ತಿದ್ದರು. ಹೊರಗೆ ಬಂದ ಮೇಲೆ ಪಕ್ಕದವರು ಕಣ್ಣೊರೆಸಿಕೊಳ್ಳುವುದನ್ನು ಕಂಡು ಏಕೆಂದು ಕೇಳುವ ಬುದ್ಧಿಯೂ ನಮಗೆ ಹುಟ್ಟಲಿಲ್ಲ. ಅಂದು ಅವರು ಹಾಡಿದ ರಾಗ ಯಾವುದೆಂದು ಈಗ ಈ ಮೊಬೈಲಿನಲ್ಲಿ ಒಂದೊಂದಾಗಿ ಹುಡುಕುತ್ತಿದ್ದೇವೆ. ಬಿಹಾರಿ ಇರಬಹುದೇ, ನಟ ಬಿಹಾಗ ಇರಬಹುದೇ? ನಿದ್ದೆಯಲ್ಲಿ ಕೇಳಿದ್ದು ನೆನಪಿಗೆ ಬರುವುದೇ ಇಲ್ಲ.

ಈಗ ಗಂಟಲು ವಾಸಿಯಾಗಿದೆ. ಈ ಸಂಗತಿಯನ್ನು ಹೋದ ಸೋಮವಾರ ಮಠಕ್ಕೆ ಬಂದವರ ಮುಂದೆ ಹೇಳಿದ್ದೇ ತಡ, ಪಾಟಿಯ ಮೇಲಿನ ಉತ್ತರ ಓದಿಕೊಂಡು ಹೋಗಿದ್ದ ಸಂಡೂರಿನ ಅದೇ ವೃದ್ಧರು ಮೂರನೆಯ ದಿನ ಮನೆಯ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ ತಂದರು. ಅವರ ತಂದೆಯ ಕಾಲದ ಏಳು ರಿಕಾರ್ಡುಗಳು. ಎರಡು ಸೀಳಿವೆ. ಒಂದರ ನಡುವಿನ ಕಾಗದ ಇಲಿ ತಿಂದು, ಮಲ್ಲಿಕಾರ್ಜುನ ಎಂಬ ಹೆಸರಿನ ಅರ್ಧ ಮಾತ್ರ ಓದಲು ಬರುತ್ತದೆ. ರಾಗದ ಹೆಸರು ಹೋಗಿದೆ. ಹೊಸಪೇಟೆಯಲ್ಲಿ ಹಳೆಯ ಗಡಿಯಾರ ದುರಸ್ತಿ ಮಾಡುವವರೊಬ್ಬರಲ್ಲಿ ಒಂದು ಫೋನು ಸಿಕ್ಕಿದೆ. ಅದರ ಸ್ಪ್ರಿಂಗು ಕಡಿದ ಕಾರಣ ಕಟ್ಟಲು ಹಿಡಿದಿದ್ದಾರೆ, ಸೂಜಿಗೆ ಹುಬ್ಬಳ್ಳಿಗೆ ಹೇಳಿಕಳಿಸಿದ್ದಾರೆ. ಕಂಪ್ಲಿ, ಸಂಡೂರು, ಕಮಲಾಪುರ ಮತ್ತು ಸುತ್ತಲಿನ ಹಳ್ಳಿಗಳ ಹಿರಿಯರ ಮನೆಗಳಲ್ಲಿ ಇಂಥ ರಿಕಾರ್ಡುಗಳಿದ್ದರೆ ದಯಮಾಡಿ ಗುಜರಿಗೆ ಹಾಕಬೇಡಿರಿ. ಮಠಕ್ಕೆ ತಂದರೆ ಬಟ್ಟೆಯಲ್ಲಿ ಸುತ್ತಿ, ನಿಂತ ಭಂಗಿಯಲ್ಲಿ ಇಡುವ ವ್ಯವಸ್ಥೆ ಮಾಡಿಸಿದ್ದೇವೆ. ಬರುವ ಅಮಾವಾಸ್ಯೆಯೊಳಗೆ ಫೋನು ಸಿದ್ಧವಾದರೆ ದಾಸೋಹದ ನಂತರ ಅಂಗಳದಲ್ಲಿ ಕಂಬಳಿ ಹಾಸಿಸುತ್ತೇವೆ. ಮೊದಲು ಆ ಇಲಿ ತಿಂದ ಕಾಗದದ ರಿಕಾರ್ಡನ್ನೇ ಹಚ್ಚಬೇಕೆಂದಿದ್ದೇವೆ.